ಗೋಡೆಗೊರಗಿಸಿದ ಚೀಲ

“ಇವನನ್ನ ನಿನ್ನ ಕೈಗೆ ಕೊಡ್ತಿದೀನಿ, ಟೆಗ್ವೆನ್,” ಅಂದಳು ಐರ್ಲಿಸ್.

ಗಂಡ ಕಾರಿನಿಂದ ಇಳಿಯುವುದನ್ನೇ ನೋಡುತ್ತ ನಿಂತಿದ್ದಳು. ಹಿಡಿಯಲು ಹೋದರೆ ಅವನಿಗೆ ಸಿಟ್ಟು ಬರುತ್ತದೆಂದು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಿದ್ದಳು. ಕಡುನೀಲಿ ಮಳೆಯಂಗಿ ತೊಟ್ಟ ಮೇರಿಗ್ ಇಳಿದ. ಬೆನ್ನಿಗೆ ಚೀಲ ಏರಿಸಿದ. ಹಸಿರು ಬಣ್ಣ ಮಾಸಿದ ಆ ಚೀಲಕ್ಕೆ ಐರ್ಲಿಸ್ ಹೊಸದಾಗಿ ಒಂದು ಕೆಂಪು ಉಣ್ಣೆಯ ಕುಚ್ಚು ಕಟ್ಟಿದ್ದಳು, ಗುರುತಿಗೆ. ನನಗೆ ತಲೆಯಾಡಿಸಿ ಗುಂಪಿನ ಕಡೆ ನಡೆದ. ಬಲಗಾಲಿನ ಬೂಟು ಪ್ರತಿ ಹೆಜ್ಜೆಗೂ ನೆಲವನ್ನು ಒಂದಿಷ್ಟು ಗೀರುತ್ತಿತ್ತು.

ನಲವತ್ತು ವರ್ಷ ನಮ್ಮ ಕಣಿವೆಯ ಕಲ್ಲುಗೋಡೆಗಳನ್ನು ಕಟ್ಟಿದವನು ಅವನು, ಗಾರೆ ಗೀರೆ ಏನೂ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ. ಗೋಡೆ ಮೇರಿಗ್ ಎಂದರೇ ಗೊತ್ತಾಗುವುದು. ಮೂವತ್ತು ವರ್ಷ ಕಾಗದ ಹಂಚಿದ ನಾನು ಅಂಚೆ ಟೆಗ್ವೆನ್. ಊರಲ್ಲಿ ಅರ್ಧ ಜನ ಜೋನ್ಸ್, ಉಳಿದರ್ಧ ಇವಾನ್ಸ್ ಆದಮೇಲೆ ಕಸುಬೇ ಹೆಸರಾಗದೆ ಇನ್ನೇನು? ಮಾರ್ಚ್ ತಿಂಗಳಲ್ಲಿ ಅವನಿಗೆ ಲಕ್ವ ಹೊಡೆಯಿತು. ಕಾಲು ಬಂತು, ಕೈ ಬಂತು. ಮಾತು ಮಾತ್ರ ಗಂಟಲಲ್ಲೇ ನಿಂತಿತು.

ಐರ್ಲಿಸ್ ನನ್ನನ್ನು ಪಕ್ಕಕ್ಕೆ ಎಳೆದಳು. “ಮಾತು ಹೋಗಿದ್ದಕ್ಕೆ ಅವನಿಗೆ ಚಿಂತೆ ಇಲ್ಲ ಕಣೆ. ಮೊದಲೂ ಎಲ್ಲಿ ಆಡ್ತಿದ್ದ! ತಲೆ ಹೋಗ್ತಿದೆ ಅಂತ ಹೆದರಿದಾನೆ. ಮೊನ್ನೆ ಕನ್ನಡಕನ ಬೆಣ್ಣೆ ಡಬ್ಬಿ ಪಕ್ಕ ಇಟ್ಟು ಮನೆಯೆಲ್ಲಾ ಹುಡುಕಿದ. ಸಿಕ್ಕಮೇಲೆ ಕೂತು ಅತ್ತ. ಐವತ್ತು ವರ್ಷದಲ್ಲಿ ಅವನು ಅತ್ತಿದ್ದು ನೋಡಿರಲಿಲ್ಲ ನಾನು. ಆರು ತಿಂಗಳಾಯ್ತು, ಕಿಟಕಿ ಹತ್ರದ ಕುರ್ಚಿ ಬಿಟ್ಟು ಎದ್ದಿಲ್ಲ. ಇವತ್ತು ಅವನಾಗೇ ಬೂಟು ಹಾಕ್ಕೊಂಡ. ಇದೊಂದು ಸಲ ಎಲ್ಲಾ ಸರಿಹೋದ್ರೆ ಮುಂದಿನ ವಾರನೂ ಬರ್ತಾನೆ. ಏನಾದ್ರೂ ಎಡವಟ್ಟಾಯ್ತೋ, ಮತ್ತೆ ಆ ಕುರ್ಚಿನೇ. ನಂಗೊತ್ತು.”

“ಸುಲಭದ ನಡಿಗೆ ಐರ್ಲಿಸ್. ನಾಲ್ಕೇ ಮೈಲಿ. ನಾನು ಹಿಂದೇನೇ ಇರ್ತೀನಿ.”

“ಅದಕ್ಕೇ ನಿನ್ನ ಕೈಗೆ ಅಂದಿದ್ದು.”

ನಮ್ಮ ಶನಿವಾರದ ನಡಿಗೆಗೆ ಯಾರು ಬೇಕಾದರೂ ಬರಬಹುದು. ಅವತ್ತು ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಲೌರಿ ಇದ್ದಳು, ಒಂದು ಕಾಲು ಮರದ್ದಾದ ಹಾರಿ ಇದ್ದ, ಎಂಬತ್ತೊಂದರ ನೆಸ್ಟಾ ಎರಡೂ ಕೈಯಲ್ಲಿ ಕೋಲು ಹಿಡಿದು ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದಳು. ಮುಂದೆ ನಡೆದು ದಾರಿ ತೋರಿಸುವವನು ಇಡ್ವಲ್. ಶಾಲೆ ಬಸ್ಸು ಓಡಿಸಿ ನಿವೃತ್ತನಾದವನು, ಈಗಲೂ ಎಲ್ಲರನ್ನೂ ಎಂಟು ವರ್ಷದ ಮಕ್ಕಳೆಂದೇ ತಿಳಿದವನು. ಅವನನ್ನು ತಲೆ ಅನ್ನುತ್ತೇವೆ. ಹಳದಿ ಅಂಗಿ ತೊಟ್ಟು ಎಲ್ಲರಿಗಿಂತ ಹಿಂದೆ ನಡೆಯುವವಳು ಬಾಲ. ಅದು ನಾನು. ಬಾಲಕ್ಕಿಂತ ಹಿಂದೆ ಯಾರೂ ಉಳಿಯಬಾರದು. ನನ್ನ ಕೆಲಸವೆಲ್ಲ ಅಷ್ಟೇ.

ಹೊರಡುವ ಮುಂಚೆ ಇಡ್ವಲ್ ಎಂದಿನ ಮಾತು ಹೇಳಿದ. “ಗೇಟು ಹೇಗಿತ್ತೋ ಹಾಗೇ ಬಿಡಿ. ಕುರಿ ಅಟ್ಟಿಸ್ಕೊಂಡು ಹೋಗ್ಬೇಡಿ. ಮರೆಗೆ ಹೋಗೋದಿದ್ರೆ ಬೆನ್ನಿನ ಚೀಲನ ದಾರಿ ಬದಿಗೆ, ಕಾಣೋ ಹಾಗೆ ಇಟ್ಟು ಹೋಗಿ. ಚೀಲ ಕಂಡಲ್ಲಿ ಬಾಲ ನಿಂತ್ಕೊಳುತ್ತೆ. ಚೀಲದ ಯಜಮಾನರು ಬರೋತನಕ ಕದಲಲ್ಲ. ಇನ್ನೊಬ್ಬರ ಚೀಲ ಯಾರೂ ಮುಟ್ಟಬಾರ್ದು. ಗೊತ್ತಾಯ್ತಾ?”

“ಗೊತ್ತಾಯ್ತು ಮೇಷ್ಟ್ರೇ,” ಅಂದಳು ನೆಸ್ಟಾ. ಎಲ್ಲರೂ ನಕ್ಕರು. ಮೇರಿಗನೂ ನಕ್ಕ. ಇಡ್ವಲ್ ತನ್ನನ್ನೂ ಸೇರಿಸಿ ತಲೆ ಎಣಿಸಿದ, ಹದಿನಾರು.

ಆಗಲೇ ಒಂದು ಕೆಂಪು ಕಾರು ಭರ್ರನೆ ಬಂದು ನಿಂತಿತು. ಹೊಸಬಳು, ಮೋರೀನ್ ಅಂತ, ವುಲ್ವರ್‌ಹ್ಯಾಂಪ್ಟನ್ ಪೇಟೆಯಿಂದ ಬಂದು ಸೇತುವೆ ಪಕ್ಕದ ಮನೆ ಕೊಂಡವಳು. “ಕ್ಷಮಿಸಿ, ಕ್ಷಮಿಸಿ, ಟ್ರಾಕ್ಟರ್ ಹಿಂದೆ ಸಿಕ್ಕಾಕೊಂಡಿದ್ದೆ!” ಎಂದು ಓಡಿ ಬಂದಳು. ಹದಿನೇಳು. ಇಡ್ವಲ್ ಗಡಿಯಾರ ನೋಡಿದ. “ಟೆಗ್ವೆನ್, ಇವರಿಗೆ ನೀನೇ ಹೇಳಿಬಿಡು, ನಡೀತಾ,” ಅಂದ. ನಾನು ಆಗಲಿ ಅಂದೆ.

ಹೇಳಲಿಲ್ಲ. ನನ್ನ ಕಣ್ಣೆಲ್ಲ ಮೇರಿಗನ ಬೂಟಿನ ಮೇಲೆ ಇತ್ತು.

ಮೊದಲ ಅರ್ಧ ಗಂಟೆ ಅವನ ಬೆನ್ನಿಗೇ ಅಂಟಿಕೊಂಡಿದ್ದೆ. ಹಳ್ಳದ ಹತ್ತಿರ ಅವನು ತಿರುಗಿ ನಿಂತ. ಬಾಯಿ ಎರಡು ಮೂರು ಸಲ ತೆರೆಯಿತು, ಮುಚ್ಚಿತು. ಕಡೆಗೆ, “ಹಿಂದೆ,” ಅಂದು ಕೈಯಲ್ಲಿ ದೂರ ತಳ್ಳುವಂತೆ ಮಾಡಿದ. ಅವನ ಪಕ್ಕದಲ್ಲಿದ್ದ ಹಾರಿ, “ನಾಯಿಮರಿ ಥರ ಹಿಂದೆ ಬರ್ಬೇಡ ಅಂತಿದಾನೆ ಕಣಮ್ಮಾ. ನಾನಿದೀನಿ. ಮರದ್ದೂ ಲೆಕ್ಕ ಹಿಡಿದ್ರೆ ಇಬ್ಬರಿಗೂ ಸೇರಿ ಮೂರು ಕಾಲು ಗಟ್ಟಿ ಇದೆ,” ಅಂದ. ನಾನು ಹಿಂದೆ ಸರಿದೆ.

ಹನ್ನೊಂದರ ಹೊತ್ತಿಗೆ ಮೋಯಲ್ ವೆನ್ ಗುಡ್ಡದ ನೆತ್ತಿಯಿಂದ ಮಂಜು ಇಳಿಯಿತು. ದಾರಿ ಅಲ್ಲಿ ಅರ್ಧ ಮೈಲಿ ಒಂದು ಉದ್ದನೆಯ ಕಲ್ಲುಗೋಡೆಯ ಪಕ್ಕದಲ್ಲೇ ಏರುತ್ತದೆ. ಹತ್ತು ಹೆಜ್ಜೆ ಮುಂದಿನವರು ನೆರಳಾದರು, ಹದಿನೈದು ಹೆಜ್ಜೆ ಮುಂದಿನವರು ಇಲ್ಲವಾದರು. ಎಲ್ಲರೂ ಮಳೆಯಂಗಿಯ ಟೋಪಿ ಮುಖದ ಮೇಲೆ ಎಳೆದುಕೊಂಡರು. ಲೌರಿಯ ಮಗು ಎಲ್ಲೋ ಕೈಗವಸು ಬೀಳಿಸಿತು. ನಾವಿಬ್ಬರೂ ಬಗ್ಗಿ ಹುಡುಕಿದೆವು, ಸಿಕ್ಕಿತು, ಮತ್ತೆ ನಡೆದೆವು. ಗೋಡೆಯ ಬುಡವನ್ನು ನೋಡುತ್ತಲೇ ಬಂದೆ, ಅಭ್ಯಾಸಬಲ. ಎಲ್ಲಿಯೂ ಚೀಲ ಇರಲಿಲ್ಲ.

ಗೋಡೆ ಮುಗಿಯುವಲ್ಲಿ ಒಂದು ಗೇಟು. ಇಡ್ವಲ್ ಅದನ್ನು ಹಿಡಿದು ನಿಂತು ಒಬ್ಬೊಬ್ಬರ ಭುಜ ತಟ್ಟಿ ಎಣಿಸುತ್ತಿದ್ದ. ನಾನು ಕೊನೆಗೆ ದಾಟಿದಾಗ, “ಹದಿನೇಳು. ಎಲ್ಲಾ ಕುರಿನೂ ಬಂತು,” ಅಂದ. ಮುಂದೆ ಮಂಜಿನಲ್ಲಿ ಕಡುನೀಲಿ ಮಳೆಯಂಗಿಯ, ಚೀಲ ಹೊತ್ತ ಒಂದು ಅಗಲವಾದ ಬೆನ್ನು ಕಂಡಿತು. ಮೇರಿಗನದು. ಇಷ್ಟು ದೂರ ಬಂದನಲ್ಲ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಊಟಕ್ಕೆ ನಿಲ್ಲುವುದು ಮಾಡು ಹಾರಿಹೋದ ಒಂದು ಹಳೇ ಕೊಟ್ಟಿಗೆಯಲ್ಲಿ. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಫ್ಲಾಸ್ಕು ಬಿಚ್ಚಿದರು. ನೆಸ್ಟಾ ಒಣದ್ರಾಕ್ಷಿಯ ಬ್ರೆಡ್ಡಿಗೆ ಬೆಣ್ಣೆ ಸವರಿ ಹಂಚತೊಡಗಿದಳು. ಆಗ ಮೋರೀನ್ ನಡುವೆ ಬಂದು ನಿಂತು ಒಂದು ಚೀಲವನ್ನು ಎತ್ತಿ ಹಿಡಿದಳು.

“ಇದು ಯಾರದ್ದು? ಗೋಡೆ ಪಕ್ಕ ಮರೆತು ಬಂದಿದ್ರಿ. ಹೊತ್ಕೊಂಡು ಬಂದು ನನ್ನ ಬೆನ್ನು ಬಿದ್ದೋಯ್ತು. ನಂಗೊಂದು ಚೂರು ಬ್ರೆಡ್ಡು ಜಾಸ್ತಿ ಸಿಗ್ಬೇಕು ಈಗ!”

ಹಳಬರೆಲ್ಲರ ಕೈ ನಿಂತಿತು. ಚೀಲದ ತುದಿಯಲ್ಲಿ ಕೆಂಪು ಕುಚ್ಚು ತೂಗುತ್ತಿತ್ತು.

ನಾನು ನೀಲಿ ಅಂಗಿಯವನ ಕಡೆ ನೋಡಿದೆ. ಅವನು ಟೋಪಿ ಹಿಂದಕ್ಕೆ ಸರಿಸಿದ. ನಲವತ್ತರ ಆಸುಪಾಸಿನ, ಕೆಂಪು ಗಡ್ಡದ, ಎಂದೂ ನೋಡದ ಮುಖ.

“ನೀವ್ಯಾರು?” ಅಂದ ಇಡ್ವಲ್.

“ನಾನು ನಿಮ್ಮವನಲ್ಲಪ್ಪ. ಕೆಳಗೆ ಕಾರವಾನ್‌ನಲ್ಲಿ ಇಳ್ಕೊಂಡಿದೀನಿ. ಮಂಜಲ್ಲಿ ದಾರಿ ತಪ್ಪಿತ್ತು. ಗೇಟಿನ ಹತ್ರ ನೀವು ಸಿಕ್ಕಿದ್ರಿ, ಜೊತೆಗೆ ಸೇರ್ಕೊಂಡೆ. ನೀವು ಭುಜನೂ ತಟ್ಟಿದ್ರಲ್ಲ, ಒಳ್ಳೇ ಜನ ಅಂದ್ಕೊಂಡೆ.”

ಇಡ್ವಲ್ ಎಣಿಸಿದ್ದು ತಲೆಗಳನ್ನು. ನಾನು ಕೈಮುಗಿದದ್ದು ಬೇರೆಯವನ ಬೆನ್ನಿಗೆ.

“ಮೇರಿಗ್ ನಿನ್ನ ಜೊತೆ ಇರ್ಲಿಲ್ವಾ?” ಎಂದು ಹಾರಿಯನ್ನು ಕೇಳಿದೆ.

“ಗೋಡೆ ಹತ್ರ ನಿಂತ. ನೀನು ಹೋಗ್ತಿರು ಅಂತ ಕೈ ಮಾಡಿದ. ನೀರಿಳಿಸೋ ಮಾತ್ರೆ ತಗೊಳ್ತಾನಲ್ಲ, ಮರೆಗೆ ಹೋಗೋಕೆ ಅಂದ್ಕೊಂಡೆ. ಚೀಲ ಇಡೋದನ್ನೂ ನೋಡ್ದೆ. ಹಿಂದೆ ನೀನಿದ್ದೆ ಅಲ್ವಾ ಟೆಗ್ವೆನ್...” ಅವನ ದನಿ ಇಳಿಯಿತು.

ಚೀಲ ಬಿಚ್ಚಿದೆ. ಫೋನು, ಮಾತ್ರೆಯ ಪೆಟ್ಟಿಗೆ, ಉಣ್ಣೆಯ ಟೋಪಿ, ದಾರ ಕಟ್ಟಿದ ಸೀಟಿ. ದಾರಿ ತಪ್ಪಿದರೆ ಊದಲು ಬೇಕಾದದ್ದು, ಕೂಗಲು ಬಾಯಿ ಬಾರದವನಿಗೆ ಇದ್ದ ಒಂದೇ ದನಿ, ನನ್ನ ಅಂಗೈಯಲ್ಲಿತ್ತು.

“ಅಲ್ಲೇ ನಿಂತಿರ್ತಾನೆ ಬಿಡು. ರೂಲು ಗೊತ್ತಲ್ಲ ಅವನಿಗೆ. ಚೀಲ ಇದ್ದಲ್ಲೇ ನಿಲ್ಲೋದು,” ಅಂದಳು ನೆಸ್ಟಾ.

“ಚೀಲ ಇದ್ರೆ ತಾನೇ ನೆಸ್ಟಾ, ಅದರ ಹತ್ರ ನಿಲ್ಲೋದು?” ಅಂದೆ.

ಆ ಮಾತು ನನ್ನ ಬಾಯಿಂದ ಬಂದಮೇಲೆಯೇ ನನಗೂ ಪೂರ್ತಿ ಅರ್ಥವಾದದ್ದು. ಅವನು ಗೋಡೆಯ ಆಚೆಯಿಂದ ಬಂದು ನೋಡುತ್ತಾನೆ, ಚೀಲ ಇಲ್ಲ. ಯಾರೋ ಒಯ್ದರು ಎಂದು ಅವನಿಗೆ ಹೊಳೆಯುವುದಿಲ್ಲ, ನಮ್ಮ ಗುಂಪಿನಲ್ಲಿ ಇಪ್ಪತ್ತು ವರ್ಷದಲ್ಲಿ ಯಾರೂ ಹಾಗೆ ಮಾಡಿಲ್ಲ. ಕನ್ನಡಕ ಬೆಣ್ಣೆ ಡಬ್ಬಿಯ ಪಕ್ಕ ಇಟ್ಟಿದ್ದೇ ಅವನಿಗೆ ನೆನಪಾಗುತ್ತದೆ. ನಾನೇ ಎಲ್ಲೋ ಇಟ್ಟು ಮರೆತೆ ಎಂದುಕೊಂಡು ಹುಡುಕಲು ಹೊರಡುತ್ತಾನೆ. ಆ ಗೋಡೆಯ ಆಚೆ ಬದಿಯಿಂದ ಇನ್ನೊಂದು ಗೋಡೆ ಕವಲೊಡೆದು ಇಳಿಯುತ್ತದೆ, ಹಾಳುಬಿದ್ದ ಕಲ್ಲುಕ್ವಾರಿಯ ಬಾಯಿಗೆ.

ಫೋನಿಗೆ ಸಿಗ್ನಲ್ ಇರಲಿಲ್ಲ. ಗುಂಪು ಬಿಟ್ಟು ತಲೆ ಹೋಗುವಂತಿಲ್ಲ. “ಮುಕ್ಕಾಲು ಗಂಟೆ ಕೊಡ್ತೀನಿ,” ಅಂದ ಇಡ್ವಲ್, ಮುಖ ಬಿಳಿಚಿಕೊಂಡು. “ಅಷ್ಟರಲ್ಲಿ ನೀನು ಬರ್ಲಿಲ್ಲ ಅಂದ್ರೆ ಎಲ್ಲರನ್ನೂ ಕೆಳಗಿಳಿಸಿ ರಕ್ಷಣಾ ತಂಡಕ್ಕೆ ಫೋನ್ ಮಾಡ್ತೀನಿ. ಒಬ್ಬಳೇ ಹೋಗ್ಬೇಡ.”

“ಎತ್ತಿದ್ದು ನಾನು. ನಾನೇ ಬರ್ತೀನಿ,” ಅಂದಳು ಮೋರೀನ್. ಚೀಲವನ್ನು ಎದೆಗೆ ಅವಚಿಕೊಂಡಿದ್ದಳು.

ಗೇಟು ದಾಟಿ ಗೋಡೆ ಹಿಡಿದು ಇಳಿದೆವು. ಅವಳು ದಾರಿಯುದ್ದಕ್ಕೂ ಮಾತು ನಿಲ್ಲಿಸಲಿಲ್ಲ.

“ನಾನೆಂಥ ಪೆದ್ದಿ ನೋಡಿ. ನಮ್ಮ ಕಡೆ ರಸ್ತೆ ಬದಿ ಚೀಲ ಬಿದ್ದಿದ್ರೆ ಯಾರಾದ್ರೂ ಎತ್ಕೊಂಡು ಓಡ್ತಾರೆ. ಪಾಪ ಯಾರದ್ದೋ, ತಲುಪಿಸೋಣ ಅಂದ್ಕೊಂಡೆ. ಹಾಳು ಒಳ್ಳೇತನ! ನಮ್ಮಮ್ಮ ಹೇಳ್ತಾನೇ ಇದ್ಲು, ಎಲ್ಲದಕ್ಕೂ ಕೈ ಹಾಕ್ಬೇಡ ಮೋರೀನ್ ಅಂತ. ಆ ಮನುಷ್ಯನಿಗೇನಾದ್ರೂ ಆದ್ರೆ...”

ನಾನು ಕೇಳುತ್ತ ನಡೆದೆ. ಸುಮ್ಮನಿದ್ದರೆ ಈ ತಪ್ಪು ಅವಳದಾಗಿಯೇ ಉಳಿಯುತ್ತಿತ್ತು. ಹಾಗೆ ಉಳಿಯಲಿ ಎಂದು ಒಂದು ಫರ್ಲಾಂಗಿನಷ್ಟು ದೂರ ನನ್ನ ಮನಸ್ಸು ಬಯಸಿತೆಂದು ಒಪ್ಪಿಕೊಳ್ಳಬೇಕು.

“ಮೋರೀನ್, ತಪ್ಪು ನಿಮ್ಮದಲ್ಲ,” ಅಂದೆ ಕಡೆಗೆ. “ಚೀಲ ಮುಟ್ಟಬಾರ್ದು ಅನ್ನೋದು ಇಲ್ಲಿನ ಕಟ್ಟಳೆ. ನಿಮಗೆ ಹೇಳೋಕೆ ಇಡ್ವಲ್ ನಂಗೆ ಒಪ್ಪಿಸಿದ್ದ. ನಾನು ಹೇಳ್ಲಿಲ್ಲ.”

ಅವಳು ನಿಂತಳು. ನನ್ನ ಮುಖ ನೋಡಿದಳು. “ಇಷ್ಟೊತ್ತು ನಾನು ಬಡ್ಕೊತಿದ್ದಾಗ ಸುಮ್ಮನೆ ಇದ್ರಲ್ಲ,” ಅಂದಳು. ಅವಳೇ ಮತ್ತೆ, “ಆಯ್ತು, ನಡೀರಿ. ಜಗಳ ಆಮೇಲೆ ಆಡೋಣ,” ಅಂದು ಮುಂದೆ ಹೆಜ್ಜೆ ಹಾಕಿದಳು.

“ಇಲ್ಲೇ. ಈ ಬಿರುಕಿನ ಹತ್ರ,” ಎಂದಳು ಸ್ವಲ್ಪ ಹೊತ್ತಿಗೆ. ಗೋಡೆಯಲ್ಲಿ ಕುರಿ ನುಸುಳುವಷ್ಟು ಕುಸಿದ ಜಾಗ. ಅಲ್ಲಿ ಯಾರೂ ಇರಲಿಲ್ಲ. ಆಚೆ ದಾಟಿ ನೋಡಿದರೆ ಕೆಸರಿನಲ್ಲಿ ಬೂಟಿನ ಗುರುತು, ಪಕ್ಕದಲ್ಲಿ ಬಲಗಾಲು ಎಳೆದ ಗೀರು. ಗೀರು ಮೇಲಕ್ಕೆ ಹೋಗಿತ್ತು, ಮರಳಿ ಬಂದಿತ್ತು, ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಎಷ್ಟು ಸಲ ಅಲೆದಿದ್ದನೋ. ಒಂದೆಡೆ ಜರಿಗಿಡಗಳನ್ನೆಲ್ಲ ಕೈಯಿಂದ ಬಗೆದು ನೋಡಿದ್ದ. ಕೊನೆಗೆ ಗೀರು ಕವಲುಗೋಡೆಯನ್ನು ಹಿಡಿದು ಇಳಿದಿತ್ತು. ಹತ್ತು ಮಾರು ಮುಂದೆ ನೆಲ ಬಂಡೆಯಾಗಿ, ಗುರುತು ಅಳಿಸಿಹೋಯಿತು.

ಸೀಟಿ ಊದಿದೆ. ಮಂಜು ಅದನ್ನು ಹತ್ತಿಯಂತೆ ಹೀರಿಕೊಂಡಿತು. ಹೆಸರು ಹಿಡಿದು ಕೂಗಿದೆವು. ಉತ್ತರವಿಲ್ಲ. ಮೋರೀನ್ ಬಿಕ್ಕತೊಡಗಿದಳು.

“ಅಳ್ಬೇಡಿ. ಉಸಿರೂ ಜೋರಾಗಿ ಬಿಡ್ಬೇಡಿ. ಒಂದು ನಿಮಿಷ ಕೇಳಿಸ್ಕೊಳ್ಳೋಣ,” ಅಂದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಕಣ್ಣು ಮುಚ್ಚಿದೆ. ಪ್ರಾರ್ಥನೆಗೆ ಮಾತು ಸಿಗಲಿಲ್ಲ. ಕಿವಿ ಕೊಟ್ಟು ನಿಂತದ್ದೇ ಪ್ರಾರ್ಥನೆ. ಮೊದಲು ನನ್ನ ಎದೆಯ ಬಡಿತ. ಆಮೇಲೆ ಕ್ವಾರಿಯ ತಳದಲ್ಲಿ ಎಲ್ಲೋ ನೀರು ತೊಟ್ಟಿಕ್ಕುವುದು. ಆಮೇಲೆ ಟಕ್ ಎಂದು ಒಂದು ಕಲ್ಲು.

“ಕುರಿ,” ಎಂದು ಮೋರೀನ್ ಬೆರಳ ಸಂದಿಯಿಂದ ಪಿಸುಗುಟ್ಟಿದಳು.

ಕುರಿಯ ಕಾಲಿಗೆ ಸಿಕ್ಕ ಕಲ್ಲು ಉರುಳಿದರೆ ಉರುಳುತ್ತಲೇ ಹೋಗುತ್ತದೆ. ಇದು ಉರುಳಲಿಲ್ಲ. ಟಕ್. ಟಕ್. ಸ್ವಲ್ಪ ಮೌನ. ಧಪ್. ಉದ್ದನೆಯ ಮೌನ. ಮತ್ತೆ ಟಕ್, ಟಕ್, ಮೌನ, ಧಪ್. ಚಿಕ್ಕಂದಿನಲ್ಲಿ ಅಜ್ಜಿ ಶನಿವಾರದ ಸಂಜೆಗಳಲ್ಲಿ ನನ್ನನ್ನು ಅಡುಗೆಮನೆಯ ಮಣೆಯ ಮೇಲೆ ನಿಲ್ಲಿಸಿ, ಭಾನುವಾರ ಚಾಪೆಲ್‌ನಲ್ಲಿ ಹೇಳಬೇಕಾದ ಪದ್ಯವನ್ನು ಹೇಳಿಸುತ್ತಿದ್ದಳು. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವಳ ಬೆರಳು ಮೇಜಿನ ಮೇಲೆ ಏಳುತ್ತಿತ್ತು, ಸಾಲು ಮುಗಿಯುವಲ್ಲಿ ಇಳಿಯುತ್ತಿತ್ತು. ಸಾಲಿಗೊಂದು ಅಳತೆ ಇದೆ ಎಂದು ನನಗೆ ಗೊತ್ತಾದದ್ದು ಆ ಬೆರಳಿನಿಂದ. ಈ ಕಲ್ಲಿನ ಸದ್ದಿಗೂ ಅಳತೆ ಇತ್ತು. ಯಾರೋ ಎರಡು ಚಕ್ಕೆ ಕೂರಿಸಿ, ಬಗ್ಗಿ ಹುಡುಕಿ, ಒಂದು ದೊಡ್ಡ ಕಲ್ಲು ಇಡುತ್ತಿದ್ದರು.

“ಕುರಿ ಅಲ್ಲ,” ಅಂದೆ. ಓಡಬಾರದೆಂದು ಗೊತ್ತಿದ್ದರೂ ಓಡಿದೆ.

ಕವಲುಗೋಡೆ ಕ್ವಾರಿಯ ಅಂಚಿನಲ್ಲಿ ನಾಲ್ಕು ಅಡಿಯಷ್ಟು ಬಿದ್ದುಹೋಗಿತ್ತು. ಅದರಾಚೆ ಮಂಜು ಬಿಟ್ಟು ಏನೂ ಇರಲಿಲ್ಲ, ನೆಲವೂ. ಮೇರಿಗ್ ಆ ಬಾಯಿಯ ಎದುರು ಮೊಣಕಾಲೂರಿ ಕೂತಿದ್ದ. ಗೋಡೆಯ ಮೇಲೆ ಕೈಯಾಡಿಸುತ್ತ ಇಳಿದವನ ಕೈಗೆ ಕಲ್ಲು ಸಿಗದಾದಾಗ ಕಾಲೂ ನಿಂತಿರಬೇಕು. ಮಳೆಯಂಗಿಯ ಟೋಪಿ ಹಿಂದಕ್ಕೆ ಸರಿದು, ಬರಿ ತಲೆಯ ಮೇಲೆ ಕೂದಲು ಒದ್ದೆಯಾಗಿ ಅಂಟಿತ್ತು. ತುಟಿ ನೀಲಿ. ಬಿದ್ದ ಕಲ್ಲುಗಳನ್ನು ಆರಿಸಿ ಮೊಣಕಾಲೆತ್ತರ ಕಟ್ಟಿ ಮುಗಿಸಿದ್ದ.

“ಮೇರಿಗ್!”

ತಿರುಗಿ ನೋಡಿದ. ಸಿಕ್ಕಿದರು ಎಂಬ ಸಂತೋಷ ಆ ಮುಖದಲ್ಲಿ ಇರಲಿಲ್ಲ. ನನ್ನನ್ನು ಕಂಡು ನಾಚಿದಂತೆ ಮುಖ ತಗ್ಗಿಸಿದ.

“ಚೀಲ,” ಅಂದ. ಬಾಯಿ ತಡಕಾಡಿತು. “ಇಟ್ಟೆ. ಅಲ್ಲಿ. ಅಲ್ಲ... ಇಲ್ಲಿ. ಇಲ್ಲ.” ಮಣ್ಣಾದ ಬೆರಳಿನಿಂದ ಹಣೆಯ ಪಕ್ಕ ಎರಡು ಸಲ ತಟ್ಟಿಕೊಂಡ. “ಹೋಯ್ತು.”

ಹೋಯ್ತು ಅಂದದ್ದು ಚೀಲವನ್ನಲ್ಲ.

ನಾನು ಅವನ ಎದುರು ಕೆಸರಿನಲ್ಲೇ ಕೂತೆ. “ಹೋಗಿಲ್ಲ ಮಾರಾಯ. ಕೇಳಿಲ್ಲಿ. ಗೋಡೆ ಕುಸಿದಿತ್ತಲ್ಲ, ಅಲ್ಲಿ ಇಟ್ಟೆ ನೀನು. ದಾರಿ ಬದಿಗೆ, ಗೋಡೆಗೆ ಒರಗಿಸಿ, ಕಾಣೋ ಹಾಗೆ. ಹಾರಿ ನೋಡಿದಾನೆ. ಈ ಅಮ್ಮ ಎತ್ಕೊಂಡು ಬಂದ್ಬಿಟ್ರು, ಯಾರೋ ಮರೆತ್ರು ಅಂತ. ಮುಟ್ಟಬಾರ್ದು ಅಂತ ಅವರಿಗೆ ನಾನು ಹೇಳಿರ್ಲಿಲ್ಲ. ಮರೆತವಳು ನಾನು. ನೀನಲ್ಲ.”

ಮೋರೀನ್ ಚೀಲವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಅವನು ಕೆಂಪು ಕುಚ್ಚನ್ನು ಮುಟ್ಟಿ ನೋಡಿದ. ಅವಳನ್ನು ನೋಡಿದ. ನನ್ನನ್ನು ನೋಡಿದ.

“ಇಟ್ಟೆ?”

“ಇಟ್ಟಿದ್ದೆ.”

“ಸರಿಯಾಗಿ?”

“ಎಲ್ಲಿ ಇಡಬೇಕೋ ಅಲ್ಲೇ.”

ಅವನ ತಲೆಗೆ ಉಣ್ಣೆಯ ಟೋಪಿ ಹಾಕಿದೆ, ಮಾತ್ರೆ ಕೊಟ್ಟೆ. ಮೋರೀನ್ ತನ್ನ ಸ್ವೆಟರು ಬಿಚ್ಚಿ ಅವನ ಮೈಗೆ ಸುತ್ತಿದಳು. ನನ್ನ ಫ್ಲಾಸ್ಕಿನ ಬಿಸಿ ಚಹಾವನ್ನು ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ನಾನು ಗಡಿಯಾರ ನೋಡಿದೆ, ಇಪ್ಪತ್ತು ನಿಮಿಷ ಉಳಿದಿತ್ತು. “ಏಳು, ಇಡ್ವಲ್ ಈಗಾಗ್ಲೇ ಅರ್ಧ ಸತ್ತಿರ್ತಾನೆ,” ಅಂದೆ. ಎದ್ದ. ಎದ್ದವನು ಕೈಯೆತ್ತಿ ನಮ್ಮನ್ನು ನಿಲ್ಲಿಸಿ, ಬಗ್ಗಿ ಒಂದು ಚಪ್ಪಟೆ ಕಲ್ಲು ಆರಿಸಿ, ತಾನು ಕಟ್ಟಿದ್ದರ ಮೇಲೆ ಕೂರಿಸಿದ. ಅಂಗೈಯಿಂದ ಅಲುಗಾಡಿಸಿ ನೋಡಿದ. ಅಲುಗಲಿಲ್ಲ.

ಕೊಟ್ಟಿಗೆಗೆ ಮರಳಿ ಎಲ್ಲರ ಜೊತೆ ಇಳಿಯುವಾಗ ಅವನು ಚೀಲ ಹೊರಲು ಯಾರಿಗೂ ಕೊಡಲಿಲ್ಲ. ನಾನು ಅವನ ಬೆನ್ನಿಗೇ ಅಂಟಿ ನಡೆದೆ, ಈ ಸಲ ಅವನು ತಳ್ಳಲಿಲ್ಲ. ಪ್ರತಿ ತಿರುವಿನಲ್ಲೂ ಹದಿನೇಳು ಜನರ ಹೆಸರುಗಳನ್ನು ಒಂದೊಂದಾಗಿ ಬಾಯಲ್ಲೇ ಹೇಳಿಕೊಂಡೆ. ಹೇಳಿ ಮುಗಿಸಿದರೆ ಮತ್ತೆ ಮೊದಲಿನಿಂದ ಅನುಮಾನ.

ಕಾರು ನಿಲ್ಲಿಸುವಲ್ಲಿ ಐರ್ಲಿಸ್ ಒಂದು ಗಂಟೆ ಹೊತ್ತಿನಿಂದ ಕಾದಿದ್ದಳು. ಇಡ್ವಲ್ ಬಾಯಿ ತೆರೆಯುವ ಮುಂಚೆಯೇ ನಾನು ಮುಂದೆ ಹೋಗಿ ನಡೆದದ್ದನ್ನೆಲ್ಲ, ಕ್ವಾರಿಯ ಅಂಚನ್ನೂ ಬಿಡದೆ, ಹೇಳಿದೆ. ಅವಳ ಕೈಗಳು ಜೇಬಿನಿಂದ ಹೊರಬಂದವು.

“ನಿನ್ನ ಕೈಗೆ ಕೊಟ್ಟಿದ್ದೆ,” ಅಂದಳು.

“ಹೌದು.”

“ಅಷ್ಟು ಹೇಳಿ ಕೊಟ್ಟಿದ್ದೆ, ಟೆಗ್ವೆನ್.”

ಮೇರಿಗ್ ನಮ್ಮಿಬ್ಬರ ನಡುವೆ ಬಂದು ನಿಂತ. ಬೆನ್ನಿನಿಂದ ಚೀಲ ಇಳಿಸಿ, ಕಾರಿನ ಚಕ್ರಕ್ಕೆ ಒರಗಿಸಿ ನೆಲದ ಮೇಲೆ ಇಟ್ಟ. ಕೆಂಪು ಕುಚ್ಚು ಮುಂದೆ ಬರುವಂತೆ ತಿರುಗಿಸಿದ. ಮತ್ತೆ ಹೆಂಡತಿಯ ಕಡೆ ನೋಡಿದ.

“ಹೀಗೆ. ಇಟ್ಟೆ,” ಅಂದ. ಬಾಯಿ ತಡಕಾಡಿತು, ನಾವೆಲ್ಲ ಕಾದೆವು, ಯಾರೂ ಅವನ ಪರವಾಗಿ ಮಾತು ಮುಗಿಸಲಿಲ್ಲ. “ಮರೆತಿಲ್ಲ.”

ಐರ್ಲಿಸ್ ಚೀಲವನ್ನು ನೋಡಿದಳು, ಅವನನ್ನು ನೋಡಿದಳು. ಎತ್ತಿಕೊಳ್ಳಲು ಬಗ್ಗಿದವಳು ತಡೆದು ಕೈ ಹಿಂದೆಗೆದಳು. ಅವನೇ ಬಗ್ಗಿ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟ.

“ಮುಂದಿನ ಶನಿವಾರ ಎಷ್ಟು ಗಂಟೆಗೆ?” ಎಂದು ಐರ್ಲಿಸ್ ಕೇಳಿದಳು. ಕೇಳಿದ್ದು ಇಡ್ವಲ್‌ನನ್ನು. ನನ್ನ ಕಡೆ ನೋಡಲಿಲ್ಲ.

“ಹತ್ತಕ್ಕೆ,” ಅಂದ ಇಡ್ವಲ್.

ಕಾರು ತಿರುವಿನಲ್ಲಿ ಮರೆಯಾಗುವ ತನಕ ನಾನು ಹಳದಿ ಅಂಗಿ ಬಿಚ್ಚದೆ ನಿಂತಿದ್ದೆ. ಮೋರೀನ್ ನನ್ನ ಪಕ್ಕದಲ್ಲಿ ಸ್ವೆಟರಿಲ್ಲದೆ ನಡುಗುತ್ತಿದ್ದಳು.